ಒಟಾಗೊ ಸೆಂಟ್ರಲ್ ರೈಲ್ ಟ್ರೇಲ್‌ನಲ್ಲಿ ಸೈಕಲ್ ಪ್ರಯಾಣ: ಪದೇ ಪದೇ ಕೇಳುವ ಪ್ರಶ್ನೆಗಳು

ಇದು ಯಾವ ಹಾದಿ, ಎಲ್ಲಿದೆ?

ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಒಳನಾಡಾದ ಸೆಂಟ್ರಲ್ ಒಟಾಗೊದಲ್ಲಿ, ಕ್ಲೈಡ್ ಎಂಬ ಊರಿನಿಂದ ಮಿಡಲ್‌ಮಾರ್ಚ್ ಎಂಬ ಊರಿನವರೆಗೆ 152 ಕಿಲೋಮೀಟರ್ ಸಾಗುವ ಹಾದಿ ಇದು. ಒಂದು ಕಾಲದಲ್ಲಿ ರೈಲು ಓಡುತ್ತಿದ್ದ ಈ ದಾರಿಯ ಹಳಿಗಳನ್ನು ಕಿತ್ತು, ಒಡ್ಡು, ಸೇತುವೆ, ಸುರಂಗಗಳನ್ನು ಹಾಗೆಯೇ ಉಳಿಸಿಕೊಂಡು, ಸೈಕಲ್ ಸವಾರರಿಗೂ ನಡೆಯುವವರಿಗೂ ಕುದುರೆ ಸವಾರರಿಗೂ ಸಜ್ಜುಗೊಳಿಸಲಾಗಿದೆ. ಅಲೆಕ್ಸಾಂಡ್ರಾ, ಚಾಟೊ ಕ್ರೀಕ್, ಒಮಕಾವು, ಲಾಡರ್, ಒಟುರೆಹುವಾ, ವೆಡ್ಡರ್‌ಬರ್ನ್, ರಾನ್‌ಫರ್ಲಿ, ವೈಪಿಯಾಟಾ, ಹೈಡ್ ಎಂಬ ಸಣ್ಣ ಊರುಗಳು ನಡುವೆ ಸಿಗುತ್ತವೆ. ಇವುಗಳಲ್ಲಿ ಅಲೆಕ್ಸಾಂಡ್ರಾ ಮತ್ತು ರಾನ್‌ಫರ್ಲಿ ಮಾತ್ರ ಪೇಟೆ ಎನ್ನಿಸಿಕೊಳ್ಳುವಷ್ಟು ದೊಡ್ಡವು. ಉಳಿದವು ಬೆರಳೆಣಿಕೆಯ ಮನೆಗಳು, ಒಂದು ಹಳೆಯ ಹೋಟೆಲು, ಹಿಂದೆ ನಿಲ್ದಾಣವಿದ್ದ ಜಾಗ, ಅಷ್ಟೇ. ಹಾದಿಯನ್ನು ಬಳಸಲು ಶುಲ್ಕವಾಗಲಿ ಪರವಾನಗಿಯಾಗಲಿ ಬೇಕಿಲ್ಲ.

ಇಲ್ಲಿ ರೈಲು ಏಕೆ ಬಂತು, ಏಕೆ ನಿಂತಿತು?

1860ರ ದಶಕದ ಆರಂಭದಲ್ಲಿ ಈ ಪ್ರದೇಶದಲ್ಲಿ ಚಿನ್ನ ಸಿಕ್ಕಿ ಸಾವಿರಾರು ಜನ ಬಂದು ಸೇರಿದ್ದರು. ಚಿನ್ನದ ಭರಾಟೆ ಇಳಿದ ಮೇಲೆ ಉಳಿದದ್ದು ಕುರಿ ಸಾಕಣೆ, ಬೇಸಾಯ ಮತ್ತು ಹಣ್ಣಿನ ತೋಟಗಳು. ಉಣ್ಣೆಯನ್ನೂ ಕುರಿಗಳನ್ನೂ ಹಣ್ಣನ್ನೂ ಡನೀಡನ್ ಬಂದರಿಗೆ ಸಾಗಿಸಲು ರೈಲು ಬೇಕೆಂದು ನಿರ್ಧಾರವಾಗಿ, 1879ರಲ್ಲಿ ಡನೀಡನ್ ಸಮೀಪದ ವಿಂಗಟುಯಿಯಿಂದ ಕೆಲಸ ಶುರುವಾಯಿತು. ಕಡಿದಾದ ಕಮರಿಗಳ ನಡುವೆ ಕೆಲಸ ಬಹಳ ನಿಧಾನವಾಗಿ ಸಾಗಿತು: ಹಳಿ ಮಿಡಲ್‌ಮಾರ್ಚ್ ಮುಟ್ಟಿದ್ದು 1891ರಲ್ಲಿ, ರಾನ್‌ಫರ್ಲಿ ಮುಟ್ಟಿದ್ದು 1898ರಲ್ಲಿ, ಒಮಕಾವು ಮುಟ್ಟಿದ್ದು 1904ರಲ್ಲಿ, ಕ್ಲೈಡ್ ಮುಟ್ಟಿದ್ದು 1907ರಲ್ಲಿ. ಕೊನೆಯ ನಿಲ್ದಾಣವಾದ ಕ್ರಾಮ್‌ವೆಲ್‌ಗೆ ರೈಲು ಬಂದದ್ದು 1921ರಲ್ಲಿ.

ರಸ್ತೆಗಳು ಸುಧಾರಿಸಿ ಲಾರಿಗಳು ಹೆಚ್ಚಿದಂತೆ ಈ ಮಾರ್ಗಕ್ಕೆ ಸರಕು ಕಡಿಮೆಯಾಗುತ್ತ ಹೋಯಿತು. ಕ್ಲೈಡ್ ಅಣೆಕಟ್ಟಿನ ಕಾಮಗಾರಿಯಿಂದಾಗಿ ಕ್ರಾಮ್‌ವೆಲ್ ಕಡೆಯ ತುಂಡು 1980ರಲ್ಲಿ ಮುಚ್ಚಿತು. ಅದೇ ಅಣೆಕಟ್ಟಿಗೆ ಬೇಕಾದ ಸಾಮಗ್ರಿಯನ್ನು ಹೊತ್ತು ತರುತ್ತಿದ್ದುದರಿಂದ ಉಳಿದ ಮಾರ್ಗ ಇನ್ನೊಂದು ದಶಕ ಬದುಕಿತು. ಆ ಕೆಲಸವೂ ಮುಗಿದ ಮೇಲೆ 1990ರ ಏಪ್ರಿಲ್ ಕೊನೆಗೆ ಮಿಡಲ್‌ಮಾರ್ಚ್‌ನಿಂದ ಆಚೆಗಿನ ರೈಲು ನಿಂತುಹೋಯಿತು.

ಹಳಿ ಕಿತ್ತ ಜಾಗ ಸೈಕಲ್ ಹಾದಿಯಾದದ್ದು ಹೇಗೆ?

ದೇಶದ ಸಂರಕ್ಷಣಾ ಇಲಾಖೆಯು 1993ರಲ್ಲಿ ಈ ಜಾಗವನ್ನು ಪಡೆದುಕೊಂಡಿತು. ಮರುವರ್ಷ ಸ್ಥಳೀಯರು ಸೇರಿ ಒಂದು ಟ್ರಸ್ಟ್ ರಚಿಸಿ, ಹಣ ಕೂಡಿಸುವ ಹೊಣೆ ಹೊತ್ತರು. ಆ ದಿನಗಳಲ್ಲಿ ಈ ಯೋಚನೆಯನ್ನು ಅನುಮಾನದಿಂದ ನೋಡಿದವರೇ ಹೆಚ್ಚು. ತಮ್ಮ ಹೊಲಗಳ ನಡುವೆ ಅಪರಿಚಿತರು ಓಡಾಡುತ್ತಾರೆ, ಗೇಟು ತೆರೆದಿಟ್ಟು ಹೋಗುತ್ತಾರೆ, ಕುರಿಗಳು ಬೆದರುತ್ತವೆ ಎಂದು ರೈತರು ಆತಂಕಪಟ್ಟದ್ದು ಸಹಜವೇ ಆಗಿತ್ತು. ಆದರೂ ಕೆಲಸ ನಿಲ್ಲಲಿಲ್ಲ. 60ಕ್ಕೂ ಹೆಚ್ಚು ಸೇತುವೆಗಳಿಗೆ ಮರದ ಹಲಗೆ ಹೊದಿಸಿ ಕಟಕಟೆ ಕಟ್ಟಲಾಯಿತು, ದಪ್ಪ ಜಲ್ಲಿಯ ಮೇಲೆ ಸಣ್ಣ ಜಲ್ಲಿ ಹರಡಿ ಹದಗೊಳಿಸಲಾಯಿತು, ಮತ್ತು 2000ದಲ್ಲಿ ಇಡೀ ಹಾದಿ ಬಳಕೆಗೆ ತೆರೆಯಿತು.

ಮುಂದಿನ ವರ್ಷಗಳಲ್ಲಿ, ರೈಲು ಹೋದ ಮೇಲೆ ಬಾಗಿಲು ಹಾಕುವ ಸ್ಥಿತಿಗೆ ಬಂದಿದ್ದ ಹಳ್ಳಿಯ ಹೋಟೆಲುಗಳಿಗೆ ಮತ್ತೆ ಗಿರಾಕಿಗಳು ಬಂದರು. ಖಾಲಿ ಬಿದ್ದಿದ್ದ ಮನೆಗಳು, ಕೆಲಸಗಾರರ ಬಿಡಾರಗಳು, ಹಳೆಯ ಶಾಲಾ ಕಟ್ಟಡಗಳು ತಂಗುಮನೆಗಳಾದವು. ಈ ಹಾದಿಯ ಬಗ್ಗೆ ಹೇಳಬೇಕಾದ ಒಂದೇ ಮಾತಿದ್ದರೆ ಅದು ಇದು: ಊರುಗಳನ್ನು ಹಿಂದೆ ಹಾಕುತ್ತ ಓಡುವುದಕ್ಕಲ್ಲ, ಒಂದೊಂದರಲ್ಲೂ ಇಳಿಯುವುದಕ್ಕೆ ಇರುವ ದಾರಿ ಇದು. ಕೆಳಗಿನ ಉತ್ತರಗಳಲ್ಲಿ ದಿನಗಳ ಲೆಕ್ಕ, ತಂಗುವ ಜಾಗ, ನಿಲ್ಲುವ ಜಾಗಗಳ ಬಗ್ಗೆ ನಾನು ಕೊಡುವ ಸಲಹೆಗಳೆಲ್ಲ ಈ ನಂಬಿಕೆಯಿಂದಲೇ ಬಂದಿವೆ.

ಏರು ಎಷ್ಟಿದೆ? ರೂಢಿ ಇಲ್ಲದವರಿಗೆ ಸಾಧ್ಯವೇ?

ಸಾಧ್ಯ. ಇದಕ್ಕೆ ಹಬೆ ಎಂಜಿನ್ನಿಗೆ ಕೃತಜ್ಞರಾಗಿರಬೇಕು. ಕಬ್ಬಿಣದ ಗಾಲಿ ಕಬ್ಬಿಣದ ಹಳಿಯ ಮೇಲೆ ಸರಕು ಎಳೆಯುವಾಗ ಏರು ಸ್ವಲ್ಪ ಹೆಚ್ಚಾದರೂ ಜಾರುತ್ತದೆ. ಆದ್ದರಿಂದ ಎಂಜಿನಿಯರುಗಳು 50 ಅಡಿ ಸಾಗಿದರೆ 1 ಅಡಿ ಏರುವಷ್ಟಕ್ಕಿಂತ ಕಡಿದಾಗದಂತೆ ದಾರಿಯನ್ನು ರೂಪಿಸಿದರು. ಗುಡ್ಡ ಅಡ್ಡ ಬಂದಲ್ಲಿ ಕಡಿದರು ಅಥವಾ ಕೊರೆದರು, ತಗ್ಗು ಬಂದಲ್ಲಿ ಒಡ್ಡು ಹಾಕಿದರು, ಎರಡೂ ಆಗದಿದ್ದಲ್ಲಿ ಸುತ್ತು ಹಾಕಿಸಿದರು. ಚಾಟೊ ಕ್ರೀಕ್‌ನಿಂದ ಒಮಕಾವು ಕಡೆಗೆ ಟೈಗರ್ ಹಿಲ್ ಹತ್ತುವಾಗ ಈ ಸುತ್ತು ಕಣ್ಣಿಗೆ ಕಾಣುತ್ತದೆ: ದಾರಿ ದೊಡ್ಡ ತಿರುವುಗಳಲ್ಲಿ ಬಳಸಿ ಬಳಸಿ ಏರುತ್ತದೆ, ಈಗಷ್ಟೇ ಬಂದ ದಾರಿ ಕೆಳಗೆ ತೋರುತ್ತದೆ. ಇಡೀ ಹಾದಿಯಲ್ಲಿ ಕಾಲುಗಳಿಗೆ ಕೆಲಸ ಕೊಡುವ ಏರೆಂದರೆ ಇದೇ, ಮತ್ತು ಇಲ್ಲಿಯೂ ಗೇರ್ ಇಳಿಸಿಕೊಂಡು ತಾಳ್ಮೆಯಿಂದ ತುಳಿದರೆ ಇಳಿದು ತಳ್ಳುವ ಪ್ರಸಂಗ ಬರುವುದಿಲ್ಲ.

ಹಾದಿಯ ಅತಿ ಎತ್ತರದ ಜಾಗ ಒಟುರೆಹುವಾ ಮತ್ತು ವೆಡ್ಡರ್‌ಬರ್ನ್ ನಡುವೆ ಇದ್ದು, ಸಮುದ್ರಮಟ್ಟದಿಂದ 618 ಮೀಟರ್ ಎತ್ತರದಲ್ಲಿದೆ. ಎರಡೂ ತುದಿಗಳು ಹೆಚ್ಚುಕಡಿಮೆ 200 ಮೀಟರಿನ ಆಸುಪಾಸಿನಲ್ಲಿವೆ. ನಿಜವಾದ ಕಷ್ಟ ಏರಿನದಲ್ಲ, ಗಾಳಿಯದು ಮತ್ತು ಸೀಟಿನದು. ರಾನ್‌ಫರ್ಲಿ ಸುತ್ತಲಿನ ಮನಿಯೊಟೊಟೊ ಬಯಲಿನಲ್ಲಿ ಎದುರುಗಾಳಿ ಬೀಸಿದರೆ ಸಮತಟ್ಟು ದಾರಿಯೇ ಗುಡ್ಡವಾಗುತ್ತದೆ. ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಗಾಳಿ ಏಳುವುದರಿಂದ, ಬೆಳಿಗ್ಗೆ ಬೇಗ ಹೊರಟು ಹೆಚ್ಚಿನ ದೂರವನ್ನು ಆಗಲೇ ಮುಗಿಸುವುದು ಒಳ್ಳೆಯದು. ಸೀಟಿನ ನೋವು ಎರಡನೆಯ ದಿನ ಬೆಳಿಗ್ಗೆ ಗೊತ್ತಾಗುತ್ತದೆ. ಹೊರಡುವ ಮುನ್ನ ಕೆಲವು ವಾರ ನಿಯಮಿತವಾಗಿ ಸೈಕಲ್ ತುಳಿದು ರೂಢಿ ಮಾಡಿಕೊಳ್ಳುವುದು ಮತ್ತು ಮೆತ್ತೆ ಇರುವ ಸೈಕಲ್ ಚಡ್ಡಿ ತೊಡುವುದು, ಇವೆರಡೇ ಇದಕ್ಕೆ ಪರಿಹಾರ.

ಯಾವ ಕಡೆಯಿಂದ ಹೊರಡುವುದು ಉತ್ತಮ?

ಹೆಚ್ಚಿನವರು ಕ್ಲೈಡ್‌ನಿಂದ ಮಿಡಲ್‌ಮಾರ್ಚ್ ಕಡೆಗೆ ಹೋಗುತ್ತಾರೆ. ಕ್ಲೈಡ್‌ನಿಂದ ಅಲೆಕ್ಸಾಂಡ್ರಾವರೆಗಿನ ಮೊದಲ 8 ಕಿಲೋಮೀಟರ್ ಚಪ್ಪಟೆಯಾಗಿದ್ದು, ಸೈಕಲಿನ ಸೀಟು, ಬ್ರೇಕು, ಚೀಲದ ಕಟ್ಟು ಎಲ್ಲವನ್ನೂ ಸರಿಪಡಿಸಿಕೊಳ್ಳಲು ಅನುಕೂಲವಾಗಿದೆ. ಏನಾದರೂ ಕೊರತೆ ಕಂಡರೆ ಅಲೆಕ್ಸಾಂಡ್ರಾದಲ್ಲಿ ಅಂಗಡಿಗಳಿವೆ. ಎದುರು ದಿಕ್ಕಿನಲ್ಲಿ ಬರುವವರಿಗೆ ಹೈಡ್‌ನಿಂದ ರಾನ್‌ಫರ್ಲಿವರೆಗಿನ ನಿಧಾನದ ಏರು ಬೇಸರವೆನಿಸಬಹುದು, ಆದರೆ ಅದರಲ್ಲಿ ತಪ್ಪೇನೂ ಇಲ್ಲ.

ಎಷ್ಟು ದಿನ ಬೇಕು?

ಗಟ್ಟಿ ಸವಾರರು ಎರಡು ದಿನದಲ್ಲಿ ಮುಗಿಸುತ್ತಾರೆ. ನನ್ನ ಸಲಹೆ ನಾಲ್ಕು ದಿನ. ಐದು ಸಿಕ್ಕರೆ ಇನ್ನೂ ಒಳ್ಳೆಯದು. ಮೊದಲ ದಿನ ಕ್ಲೈಡ್‌ನಿಂದ ಸುಮಾರು 37 ಕಿಲೋಮೀಟರ್ ದೂರದ ಒಮಕಾವು ಅಥವಾ ಅಲ್ಲಿಂದ ಇನ್ನೂ 7 ಕಿಲೋಮೀಟರ್ ಮುಂದಿನ ಲಾಡರ್. ಎರಡನೆಯ ದಿನ ಒಟುರೆಹುವಾ ಅಥವಾ ವೆಡ್ಡರ್‌ಬರ್ನ್. ಮೂರನೆಯ ದಿನ ರಾನ್‌ಫರ್ಲಿ ದಾಟಿ ವೈಪಿಯಾಟಾ ಅಥವಾ ಹೈಡ್. ನಾಲ್ಕನೆಯ ದಿನ ಮಿಡಲ್‌ಮಾರ್ಚ್. ಹೀಗೆ ಹಂಚಿಕೊಂಡರೆ ದಿನಕ್ಕೆ 40 ಕಿಲೋಮೀಟರಿನ ಆಸುಪಾಸು ಬೀಳುತ್ತದೆ, ಮತ್ತು ದಾರಿಬದಿಯ ಫಲಕಗಳನ್ನು ಓದಲು, ಊರೊಳಗೆ ಒಂದು ಸುತ್ತು ಹಾಕಲು, ತಂಗುಮನೆಯವರೊಂದಿಗೆ ಮಾತನಾಡಲು ಸಮಯ ಉಳಿಯುತ್ತದೆ. ಎರಡು ದಿನದ ಓಟದಲ್ಲಿ ಇದ್ಯಾವುದೂ ಆಗುವುದಿಲ್ಲ.

ದಾರಿಯಲ್ಲಿ ತಪ್ಪದೆ ನಿಂತು ನೋಡಬೇಕಾದದ್ದು ಏನು?

ಮೊದಲನೆಯದಾಗಿ, ಲಾಡರ್ ಮತ್ತು ಅದರ ಮುಂದೆ ಒಟುರೆಹುವಾ ದಾರಿಯಲ್ಲಿ ಸಿಗುವ ಆರಿಪೊ ಎಂಬ ಜಾಗದ ನಡುವಿನ ತುಂಡು. ಮನುಹೆರಿಕಿಯಾ ನದಿಯ ಮೇಲಿನ ಸೇತುವೆ 110 ಮೀಟರಿಗೂ ಉದ್ದವಿದ್ದು, ಇಡೀ ಹಾದಿಯಲ್ಲೇ ಅತಿ ಉದ್ದವಾದದ್ದು. ಅದನ್ನು ದಾಟಿದ ಮೇಲೆ ಪೂಲ್‌ಬರ್ನ್ ಕಮರಿಯ ಎರಡು ಸುರಂಗಗಳು, ನಂತರ 37 ಮೀಟರ್ ಎತ್ತರದ ಪೂಲ್‌ಬರ್ನ್ ಮೇಲ್ಸೇತುವೆ. ಇಲ್ಲಿ ಸೈಕಲನ್ನು ಒರಗಿಸಿಟ್ಟು ಸೇತುವೆಯ ಕಂಬಗಳನ್ನು ನೋಡಬೇಕು. ಸ್ಥಳೀಯ ಶಿಸ್ಟ್ ಕಲ್ಲನ್ನು ಕೈಯಿಂದ ಕಡಿದು, ಪದರದ ಮೇಲೆ ಪದರ ಕೂರಿಸಿ, ಮೇಲಕ್ಕೆ ಹೋದಂತೆ ಸಣ್ಣದಾಗುವಂತೆ ಕಟ್ಟಿದ ಕಂಬಗಳವು. ಕಲ್ಲಿನಲ್ಲಿ ಅಭ್ರಕದ ಹೊಳಪು ಇರುವುದರಿಂದ ಇಳಿಬಿಸಿಲಿನಲ್ಲಿ ಮಿನುಗುತ್ತವೆ. ಸುರಂಗಗಳು ತಲಾ ಸುಮಾರು 200 ಮೀಟರ್ ಉದ್ದವಿದ್ದು ಒಳಗೆ ದೀಪವಿಲ್ಲ, ನೆಲ ಒರಟು. ಟಾರ್ಚು ಹಿಡಿದು ಸೈಕಲ್ ತಳ್ಳಿಕೊಂಡು ಹೋಗುವುದು ಸುರಕ್ಷಿತ. ಬಿಸಿಲಿನಿಂದ ಒಮ್ಮೆಲೇ ಒಳಹೊಕ್ಕಾಗ ಕೆಲವು ಕ್ಷಣ ಏನೂ ಕಾಣುವುದಿಲ್ಲ, ಎದುರಿನಿಂದ ಬರುವವರಿಗೂ ಅದೇ ಸ್ಥಿತಿ; ಆದ್ದರಿಂದ ದೀಪವನ್ನು ಹೊರಗೇ ಹಚ್ಚಿಕೊಳ್ಳಬೇಕು. ಹೈಡ್ ಬಳಿಯ ಪ್ರೈಸಸ್ ಕ್ರೀಕ್ ಸುರಂಗಕ್ಕೂ ಈ ಮಾತು ಅನ್ವಯಿಸುತ್ತದೆ.

ಎರಡನೆಯದು, ಒಟುರೆಹುವಾದ ಹೇಯ್ಸ್ ಎಂಜಿನಿಯರಿಂಗ್ ಕಾರ್ಖಾನೆ. 1895ರಲ್ಲಿ ಅರ್ನೆಸ್ಟ್ ಹೇಯ್ಸ್ ಆರಂಭಿಸಿದ ಈ ಕಾರ್ಖಾನೆಯಲ್ಲಿ ರೈತರಿಗೆ ಬೇಕಾದ ಸಲಕರಣೆಗಳು ತಯಾರಾಗುತ್ತಿದ್ದವು. ಬೇಲಿಯ ತಂತಿಯನ್ನು ಬಿಗಿಯುವ ಅವರ ಉಪಕರಣ ಹೊರದೇಶಗಳಿಗೂ ಹೋಯಿತು. ಆದರೆ ಸೈಕಲ್ ಸವಾರರು ನೆನಪಿಡಬೇಕಾದವರು ಅವರ ಪತ್ನಿ ಹ್ಯಾನಾ ಹೇಯ್ಸ್. ಮಣ್ಣಿನ ರಸ್ತೆಗಳಲ್ಲಿ, ಉದ್ದ ಲಂಗ ತೊಟ್ಟು, ಗೇರ್ ಇಲ್ಲದ ಆ ಕಾಲದ ಸೈಕಲಿನಲ್ಲಿ ಈ ಹೊಲಮನೆಗಳನ್ನೆಲ್ಲ ಸುತ್ತಿ ಕಾರ್ಖಾನೆಯ ಸರಕಿಗೆ ಬೇಡಿಕೆ ತಂದವರು ಅವರು. ಜಲ್ಲಿ ಹರಡಿದ, ಏರು ತಗ್ಗಿಸಿದ ಹಾದಿಯಲ್ಲಿ ಬಂದು ಅವರ ಅಂಗಳದಲ್ಲಿ ಸೈಕಲ್ ನಿಲ್ಲಿಸುವಾಗ ಅವರ ಮೇಲಿನ ಗೌರವ ಹೆಚ್ಚುತ್ತದೆ. ಈಗ ಈ ಜಾಗ ದೇಶದ ಪರಂಪರೆ ಸಂಸ್ಥೆಯ ಆರೈಕೆಯಲ್ಲಿದೆ; ತೆರೆದಿರುವ ದಿನಗಳನ್ನು ಮೊದಲೇ ವಿಚಾರಿಸಿಕೊಳ್ಳಿ. ಇದೇ ಊರಿನ ಸಮೀಪ ದಕ್ಷಿಣದ 45ನೆಯ ಅಕ್ಷಾಂಶವನ್ನು ಹಾದಿ ದಾಟುತ್ತದೆ.

ವೆಡ್ಡರ್‌ಬರ್ನ್‌ನಲ್ಲಿ ಹಸಿರು ಬಣ್ಣದ ಹಳೆಯ ಸರಕು ಶೆಡ್ ಇದೆ. ರೈಲು ನಿಂತ ಮೇಲೆ ಬೇರೆಡೆಗೆ ಹೋಗಿದ್ದ ಅದನ್ನು ಊರವರು ಮರಳಿ ತಂದು ಇದ್ದ ಜಾಗದಲ್ಲೇ ನಿಲ್ಲಿಸಿದ್ದಾರೆ. ರಾನ್‌ಫರ್ಲಿಯ ಮುಖ್ಯ ಬೀದಿಯ ಕಟ್ಟಡಗಳು ಆರ್ಟ್ ಡೆಕೊ ಶೈಲಿಯವು. 1930ರ ದಶಕದಲ್ಲಿ ಬೆಂಕಿಗೆ ತುತ್ತಾದ ಕಟ್ಟಡಗಳ ಜಾಗದಲ್ಲಿ ಆಗಿನ ಹೊಸ ಶೈಲಿಯಲ್ಲಿ ಕಟ್ಟಿದ್ದರಿಂದ ಹೀಗಾಯಿತು. ದಾರಿಯುದ್ದಕ್ಕೂ ಗ್ಯಾಂಗ್‌ಮನ್‌ಗಳ, ಅಂದರೆ ಹಳಿ ನೋಡಿಕೊಳ್ಳುತ್ತಿದ್ದ ಕೆಲಸಗಾರರ, ಶೆಡ್ಡುಗಳ ಮಾದರಿಯ ಸಣ್ಣ ಗೂಡುಗಳಿದ್ದು, ಒಳಗೆ ಆಯಾ ಜಾಗದ ಕಥೆ ಹೇಳುವ ಫಲಕಗಳಿವೆ. ಮಳೆ ಬಂದರೆ ನಿಲ್ಲುವುದಕ್ಕೂ ಅವೇ ಆಸರೆ.

ಹೈಡ್ ಬಳಿಯ ಸ್ಮಾರಕ ಯಾವುದು?

1943ರ ಜೂನ್ 4ರಂದು ಕ್ರಾಮ್‌ವೆಲ್‌ನಿಂದ ಡನೀಡನ್‌ಗೆ ಹೊರಟಿದ್ದ ಪ್ರಯಾಣಿಕರ ರೈಲು, ಹೈಡ್ ಸಮೀಪ ಗುಡ್ಡ ಕಡಿದು ಮಾಡಿದ ತಿರುವಿನಲ್ಲಿ ಮಿತಿ ಮೀರಿದ ವೇಗದಿಂದ ಹಳಿ ತಪ್ಪಿತು. 21 ಜನ ಸತ್ತರು. ಯುದ್ಧಕಾಲವಾದ್ದರಿಂದ ಸುದ್ದಿ ಹೆಚ್ಚು ಹರಡಲಿಲ್ಲ; ಸ್ಮಾರಕ ಎದ್ದದ್ದೂ ಬಹಳ ತಡವಾಗಿ. ಆ ತಿರುವಿನ ಮೂಲಕವೇ ಹಾದಿ ಸಾಗುತ್ತದೆ. ದಯವಿಟ್ಟು ಅಲ್ಲಿ ಸ್ವಲ್ಪ ಹೊತ್ತು ನಿಲ್ಲಿ.

ಯಾವ ತಿಂಗಳಲ್ಲಿ ಹೋಗಬೇಕು?

ದಕ್ಷಿಣಾರ್ಧಗೋಳವಾದ್ದರಿಂದ ಡಿಸೆಂಬರ್‌ನಿಂದ ಫೆಬ್ರುವರಿಯವರೆಗೆ ಬೇಸಿಗೆ, ಜೂನ್‌ನಿಂದ ಆಗಸ್ಟ್‌ವರೆಗೆ ಚಳಿಗಾಲ. ಸಮುದ್ರದಿಂದ ದೂರವಿದ್ದು ಸುತ್ತಲೂ ಬೆಟ್ಟಗಳಿರುವ ಸೆಂಟ್ರಲ್ ಒಟಾಗೊ ಆ ದೇಶದ ಅತ್ಯಂತ ಒಣ ಪ್ರದೇಶ. ಬೇಸಿಗೆಯಲ್ಲಿ 30 ಡಿಗ್ರಿ ಮುಟ್ಟುವ ದಿನಗಳಿರುತ್ತವೆ, ಚಳಿಗಾಲದಲ್ಲಿ ನೀರು ಕಲ್ಲಾಗುತ್ತದೆ. ಒಮಕಾವು ಪಕ್ಕದ ಓಫಿರ್‌ನಲ್ಲಿ 1995ರ ಜುಲೈನಲ್ಲಿ ಶೂನ್ಯಕ್ಕಿಂತ 21.6 ಡಿಗ್ರಿ ಕೆಳಗಿನ ತಾಪಮಾನ ದಾಖಲಾಗಿತ್ತು. ಒಟುರೆಹುವಾ ಬಳಿಯ ಇಡಾಬರ್ನ್ ಕೆರೆ ಸಾಕಷ್ಟು ಗಟ್ಟಿಯಾಗಿ ಹೆಪ್ಪುಗಟ್ಟಿದ ವರ್ಷಗಳಲ್ಲಿ ಮಂಜುಗಡ್ಡೆಯ ಮೇಲೆ ಭಾರದ ಕಲ್ಲುಗಳನ್ನು ಜಾರಿಸಿ ಆಡುವ ಕರ್ಲಿಂಗ್ ಎಂಬ ಆಟದ ದೇಶದ ಆಟಗಾರರು ಅದರ ಮೇಲೆ ಸೇರುತ್ತಾರೆ.

ನನ್ನ ಆಯ್ಕೆ ಮಾರ್ಚ್ ಮತ್ತು ಏಪ್ರಿಲ್. ಆಗ ಬಿಸಿಲಿನ ತೀವ್ರತೆ ಇಳಿದಿರುತ್ತದೆ, ಗಾಳಿ ಹೆಚ್ಚು ಶಾಂತವಾಗಿರುತ್ತದೆ, ಅಲೆಕ್ಸಾಂಡ್ರಾ ಮತ್ತು ಕ್ಲೈಡ್ ಸುತ್ತಲಿನ ಪಾಪ್ಲರ್ ಮರಗಳು ಹಳದಿಯಾಗಿರುತ್ತವೆ. ವಸಂತದಲ್ಲಿ, ಅಂದರೆ ಅಕ್ಟೋಬರ್‌ನಿಂದ ಮುಂದೆ, ಗುಡ್ಡಗಳ ಮೇಲೆ ಕಾಡು ಥೈಮ್ ಗಿಡಗಳು ನೇರಳೆ ಹೂ ಬಿಡುತ್ತವೆ. ಅದರ ವಾಸನೆ ಕ್ಲೈಡ್ ಸುತ್ತ ಗಾಳಿಯಲ್ಲೇ ಇರುತ್ತದೆ. ಚಳಿಗಾಲದಲ್ಲಿಯೂ ಹಾದಿ ತೆರೆದಿರುತ್ತದೆಯಾದರೂ ಹಲವು ತಂಗುಮನೆಗಳು ಮುಚ್ಚಿರುತ್ತವೆ.

ಬಿಸಿಲು, ನೀರು, ನೆರಳಿನ ವ್ಯವಸ್ಥೆ ಹೇಗೆ?

ನೆರಳು ಬಹುತೇಕ ಇಲ್ಲ. ನ್ಯೂಜಿಲೆಂಡಿನಲ್ಲಿ ನೇರಳಾತೀತ ಕಿರಣಗಳ ತೀವ್ರತೆ ಹೆಚ್ಚು. ಹವೆ ತಂಪಾಗಿದ್ದರೂ ಚರ್ಮ ಸುಡುತ್ತದೆ. ತುಂಬುತೋಳಿನ ಅಂಗಿ, ಕತ್ತಿನ ಹಿಂಭಾಗ ಮುಚ್ಚುವ ಬಟ್ಟೆ, ಸನ್‌ಸ್ಕ್ರೀನ್ ಮತ್ತು ತಲಾ ಕನಿಷ್ಠ ಎರಡು ಲೀಟರ್ ನೀರು ಇರಲಿ. ಊರುಗಳಲ್ಲಿ ನೀರು ತುಂಬಿಸಿಕೊಳ್ಳಿ. ಹೊಲಗಳ ನಡುವಿನ ತೊರೆಗಳ ನೀರನ್ನು ಹಾಗೆಯೇ ಕುಡಿಯಬೇಡಿ. ಶೌಚಾಲಯಗಳು ಹಾದಿಯುದ್ದಕ್ಕೂ ಅಲ್ಲಲ್ಲಿ ಇವೆ.

ಯಾವ ಸೈಕಲ್ ಸೂಕ್ತ? ಬಾಡಿಗೆಗೆ ಸಿಗುತ್ತದೆಯೇ?

ಸಿಗುತ್ತದೆ. ಎರಡೂ ತುದಿಗಳಲ್ಲಿ ಬಾಡಿಗೆ ಸಂಸ್ಥೆಗಳಿದ್ದು, ಲಗೇಜನ್ನು ಒಂದು ತಂಗುಮನೆಯಿಂದ ಇನ್ನೊಂದಕ್ಕೆ ಸಾಗಿಸುವ ಸೇವೆಯನ್ನೂ ಕೊಡುತ್ತವೆ. ಹಾದಿಯ ಮೇಲ್ಮೈ ಜಲ್ಲಿಯಾದ್ದರಿಂದ ಅಗಲ ಟೈರಿನ ಹೈಬ್ರಿಡ್ ಅಥವಾ ಮೌಂಟನ್ ಬೈಕ್ ಬೇಕು. ತೆಳು ಟೈರಿನ ರೇಸ್ ಸೈಕಲ್ ಬೇಡ. ಟೈರಿನಲ್ಲಿ ಗಾಳಿ ಕಲ್ಲಿನಂತೆ ಗಟ್ಟಿಯಾಗಿರದೆ ಸ್ವಲ್ಪ ಮೆದುವಾಗಿದ್ದರೆ ಅಲುಗಾಟ ಕಡಿಮೆ. ಬ್ಯಾಟರಿ ಸೈಕಲುಗಳಿಗೂ ಅನುಮತಿಯಿದೆ, ಮತ್ತು ವಯಸ್ಸಾದವರು ಸಂಕೋಚಪಡದೆ ಅವನ್ನು ತೆಗೆದುಕೊಳ್ಳಬೇಕೆಂದು ನಾನು ಒತ್ತಿ ಹೇಳುತ್ತೇನೆ. ಎದುರುಗಾಳಿಯ ದಿನ ಕುಟುಂಬದ ಎಲ್ಲರೂ ಜೊತೆಯಾಗಿ ಸಾಗಲು ಅದರಿಂದ ಸಾಧ್ಯವಾಗುತ್ತದೆ. ಬ್ಯಾಟರಿಯನ್ನು ಪ್ರತಿ ರಾತ್ರಿ ಚಾರ್ಜ್ ಮಾಡಬೇಕು. ಒಂದು ಹೆಚ್ಚುವರಿ ಟ್ಯೂಬ್, ಪಂಪು, ಟೈರ್ ಬಿಚ್ಚುವ ಸಲಕರಣೆ ಚೀಲದಲ್ಲಿರಲಿ, ಮತ್ತು ಪಂಕ್ಚರ್ ಹಾಕುವುದನ್ನು ಮನೆಯಲ್ಲೇ ಕಲಿತಿರಿ.

ಮಕ್ಕಳೊಂದಿಗೆ, ಅಥವಾ ಒಂದೇ ದಿನ ಸಮಯವಿದ್ದರೆ?

ಮಕ್ಕಳಿಗೆ ಕ್ಲೈಡ್–ಅಲೆಕ್ಸಾಂಡ್ರಾ ತುಂಡು ತಕ್ಕದ್ದು. ಒಂದೇ ದಿನವಿದ್ದರೆ ಲಾಡರ್‌ನಿಂದ ಹೊರಟು ಸೇತುವೆ, ಸುರಂಗ, ಮೇಲ್ಸೇತುವೆ ನೋಡಿ ಹಿಂತಿರುಗುವುದು ನಿಸ್ಸಂದೇಹವಾಗಿ ಉತ್ತಮ.

ಪಾಲಿಸಬೇಕಾದ ನಿಯಮಗಳೇನು?

ನ್ಯೂಜಿಲೆಂಡಿನ ರಸ್ತೆಗಳಲ್ಲಿ ಸೈಕಲ್ ಸವಾರರಿಗೆ 1994ರಿಂದ ಹೆಲ್ಮೆಟ್ ಕಡ್ಡಾಯ. ಹಾದಿ ಹಲವೆಡೆ ರಸ್ತೆಗಳನ್ನು ದಾಟುತ್ತದೆ. ದಾಟುವಲ್ಲಿ ಪೂರ್ತಿ ನಿಂತು, ಎರಡೂ ಕಡೆ ನೋಡಿ ಮುಂದುವರಿಯಿರಿ. ಎಡಕ್ಕೆ ಇರಿ, ನಡೆಯುವವರನ್ನು ದಾಟುವ ಮುನ್ನ ಗಂಟೆ ಬಾರಿಸಿ, ಕುದುರೆ ಎದುರಾದರೆ ವೇಗ ಇಳಿಸಿ ಮಾತನಾಡಿಸುತ್ತ ಹತ್ತಿರ ಹೋಗಿ. ಗೇಟು ಹೇಗಿತ್ತೋ ಹಾಗೆಯೇ ಬಿಡಿ: ಮುಚ್ಚಿದ್ದರೆ ಮುಚ್ಚಿ, ತೆರೆದಿದ್ದರೆ ತೆರೆದೇ ಇರಲಿ. ಇಕ್ಕೆಲದ ಹೊಲಗಳು ಖಾಸಗಿ ಜಮೀನು, ಒಳಹೋಗಬಾರದು.

ತಂಗಲು, ಉಣ್ಣಲು ಏನು ವ್ಯವಸ್ಥೆ?

ಪ್ರತಿ ಊರಿನಲ್ಲಿಯೂ ಹಳೆಯ ಹೋಟೆಲು, ತಂಗುಮನೆ ಅಥವಾ ಟೆಂಟಿನ ಜಾಗ ಏನಾದರೊಂದು ಇದೆ. ಕೋಣೆಗಳ ಸಂಖ್ಯೆ ಬಹಳ ಕಡಿಮೆ ಇರುವುದರಿಂದ ಬೇಸಿಗೆ ಮತ್ತು ಈಸ್ಟರ್ ದಿನಗಳಿಗೆ ತಿಂಗಳುಗಳ ಮೊದಲೇ ಕಾಯ್ದಿರಿಸಬೇಕು. ಅಡುಗೆಮನೆಗಳು ಸಂಜೆ ಬೇಗ ಮುಚ್ಚುತ್ತವೆ. ಸಸ್ಯಾಹಾರಿಗಳು ಕಾಯ್ದಿರಿಸುವಾಗಲೇ ತಿಳಿಸಿದರೆ ತಂಗುಮನೆಯವರು ಮುತುವರ್ಜಿಯಿಂದ ಅಡುಗೆ ಮಾಡಿಕೊಡುತ್ತಾರೆ. ಹೇಳದೆ ಹೋದರೆ ಕುರಿಮಾಂಸದ ನಾಡಿನಲ್ಲಿ ಆಯ್ಕೆ ಕಡಿಮೆ. ಎಲ್ಲ ರಾತ್ರಿಗಳನ್ನೂ ದೊಡ್ಡ ಪೇಟೆಯಲ್ಲೇ ಕಳೆದು ವ್ಯಾನಿನಲ್ಲಿ ಓಡಾಡುವ ಯೋಜನೆಗಿಂತ, ಚಾಟೊ ಕ್ರೀಕ್‌ನಲ್ಲಿ ಊಟ, ವೈಪಿಯಾಟಾದಲ್ಲಿ ರಾತ್ರಿ ಎಂಬಂತೆ ಹಂಚಿಕೊಳ್ಳಿ. ಆ ಡಾಲರುಗಳು ಆ ಊರಿನಲ್ಲೇ ಉಳಿಯುತ್ತವೆ, ಹೋಟೆಲಿನ ಬಾಗಿಲು ಮುಂದಿನ ವರ್ಷವೂ ತೆರೆದಿರುತ್ತದೆ.

ಅಲ್ಲಿಗೆ ತಲುಪುವುದು ಮತ್ತು ಹಿಂತಿರುಗುವುದು ಹೇಗೆ?

ವಿಮಾನದಲ್ಲಿ ಕ್ವೀನ್ಸ್‌ಟೌನ್ ಅಥವಾ ಡನೀಡನ್‌ಗೆ ಬಂದು ಅಲ್ಲಿಂದ ರಸ್ತೆಯಲ್ಲಿ ಹೋಗಬೇಕು. ಕ್ವೀನ್ಸ್‌ಟೌನ್ ಕ್ಲೈಡ್‌ಗೆ ಹತ್ತಿರ, ಡನೀಡನ್ ಮಿಡಲ್‌ಮಾರ್ಚ್‌ಗೆ ಹತ್ತಿರ. ಡನೀಡನ್–ಮಿಡಲ್‌ಮಾರ್ಚ್ ಸುಮಾರು 80 ಕಿಲೋಮೀಟರ್. ಡನೀಡನ್ ನಗರಸಭೆ ಉಳಿಸಿಕೊಂಡ ತೈಯೇರಿ ಕಮರಿಯ ರೈಲುಮಾರ್ಗದಲ್ಲಿ ಹಿಂದೆ ಪ್ರವಾಸಿ ರೈಲುಗಳು ಮಿಡಲ್‌ಮಾರ್ಚ್‌ವರೆಗೂ ಬರುತ್ತಿದ್ದವು. ಈಗ ಅದನ್ನು ನೆಚ್ಚಿ ಯೋಜನೆ ಹಾಕಬೇಡಿ. ಬಾಡಿಗೆ ಸಂಸ್ಥೆಗಳ ವ್ಯಾನುಗಳು ಸವಾರರನ್ನೂ ಸೈಕಲುಗಳನ್ನೂ ಮಿಡಲ್‌ಮಾರ್ಚ್‌ನಿಂದ ಕ್ಲೈಡ್‌ಗೆ ವಾಪಸು ಕರೆತರುತ್ತವೆ; ಸೀಟನ್ನು ಮೊದಲೇ ಗೊತ್ತುಮಾಡಿಕೊಳ್ಳಿ.

ಸ್ವಂತ ಸೈಕಲ್ ಅಥವಾ ಬೂಟು ಒಯ್ಯುವವರು ಅವುಗಳಿಗೆ ಅಂಟಿದ ಮಣ್ಣು, ಬೀಜ, ಹುಲ್ಲನ್ನು ಸಂಪೂರ್ಣ ತೊಳೆದು ಒಣಗಿಸಿರಬೇಕು ಮತ್ತು ವಿಮಾನ ನಿಲ್ದಾಣದಲ್ಲಿ ಅವನ್ನೂ ಯಾವುದೇ ಆಹಾರ ಪದಾರ್ಥವನ್ನೂ ಘೋಷಿಸಬೇಕು. ಹೊರಗಿನ ಕೀಟ, ರೋಗ, ಕಳೆಗಳು ಬಾರದಂತೆ ಆ ದೇಶ ಬಹಳ ಕಟ್ಟುನಿಟ್ಟಾಗಿದೆ. ಘೋಷಿಸದೆ ಸಿಕ್ಕಿಬಿದ್ದರೆ ದಂಡ ತೆರಬೇಕಾಗುತ್ತದೆ.

ಅಪಘಾತವಾದರೆ ಯಾರನ್ನು ಕರೆಯಬೇಕು?

ತುರ್ತು ಸಂಖ್ಯೆ 111. ಕಮರಿಗಳಲ್ಲಿ ಮೊಬೈಲ್ ಸಿಗ್ನಲ್ ಸಿಗದ ಜಾಗಗಳಿವೆ. ಒಂಟಿಯಾಗಿ ಹೋಗುವವರು ಆ ದಿನ ಎಲ್ಲಿಗೆ, ಎಷ್ಟು ಹೊತ್ತಿಗೆ ತಲುಪುವಿರೆಂದು ಹೊರಡುವ ಊರಿನಲ್ಲೂ ತಲುಪುವ ಊರಿನಲ್ಲೂ ತಿಳಿಸಿರಬೇಕು.

ಮುಗಿದ ಮೇಲೂ ಸೈಕಲ್ ತುಳಿಯುವ ಆಸೆ ಇದ್ದರೆ?

ಕ್ರಾಮ್‌ವೆಲ್‌ನಿಂದ ಕ್ಲೈಡ್‌ಗೆ ಬರುವ ಲೇಕ್ ಡನ್‌ಸ್ಟನ್ ಟ್ರೇಲ್ 2021ರಲ್ಲಿ ತೆರೆದಿದೆ. ಅಣೆಕಟ್ಟಿನ ಹಿನ್ನೀರಿನ ಅಂಚಿನಲ್ಲಿ, ಬಂಡೆಗೆ ಆನಿಸಿ ಕಟ್ಟಿದ ಸೇತುವೆಗಳ ಮೇಲೆ ಸಾಗುವ ಇದನ್ನು ಮೊದಲೇ ಮುಗಿಸಿಕೊಂಡು ಕ್ಲೈಡ್‌ಗೆ ಬಂದರೆ ರೈಲ್ ಟ್ರೇಲ್‌ಗೆ ನೇರವಾಗಿ ಸೇರಿಕೊಳ್ಳಬಹುದು. ಆದರೆ ಇದು ರೈಲಿಗಾಗಿ ರೂಪಿಸಿದ ದಾರಿಯಲ್ಲ. ಏರುಗಳು ಕಡಿದು, ಅಂಚುಗಳು ಕಿರಿದು. ರೂಢಿ ಇದ್ದವರಿಗೆ ಮಾತ್ರ ಇದನ್ನು ಹೇಳುತ್ತೇನೆ. ಅಲೆಕ್ಸಾಂಡ್ರಾದಿಂದ ಹೊರಡುವ ರಾಕ್ಸ್‌ಬರ್ಗ್ ಕಮರಿಯ ಹಾದಿಯೂ ಇದೆ. ಅದರ ನಡುವಿನ ಒಂದು ಭಾಗವನ್ನು ದೋಣಿಯಲ್ಲಿ ದಾಟಬೇಕಾದ್ದರಿಂದ ದೋಣಿಯವರನ್ನು ಮುಂಚಿತವಾಗಿ ಸಂಪರ್ಕಿಸಿ.